ಕಾರಿನೊಳಗಿನ ಜಾಣತನ, ಕಾರಿನಾಚೆಯ ಹೊಣೆ

ಡಿಕ್ಕಿಯ ಅಪಾಯ ಕಂಡಾಗ ಕಾರು ತಾನೇ ಹಾಕುವ ತುರ್ತು ಬ್ರೇಕ್ ಕುರಿತು ಹಿಂದಿನ ಸಂಚಿಕೆಯಲ್ಲಿ ಕೊಟ್ಟ ಉತ್ತರಕ್ಕೆ ಪತ್ರಗಳು ಬರುತ್ತಲೇ ಇವೆ. ಹಾಗಾಗಿ ಈ ಬಾರಿಯ ಪುಟಗಳನ್ನು ಅದಕ್ಕೂ ಅಂಥ ಇತರ ಸುರಕ್ಷತಾ ವ್ಯವಸ್ಥೆಗಳಿಗೂ, ಅವುಗಳಲ್ಲಿ ಕಂಪನಿಗಳ ಮತ್ತು ಸರ್ಕಾರದ ಹೊಣೆ ಏನೆಂಬುದಕ್ಕೂ ಬಿಟ್ಟುಕೊಟ್ಟಿದ್ದೇನೆ. ಹೊಸ ಓದುಗರಿಗೆ ತಿಳಿದಿರಲಿ: ನಾನು ಬ್ರೇಕ್ ನಿಯಂತ್ರಣ ವ್ಯವಸ್ಥೆಗಳ ಎಂಜಿನಿಯರ್. ವೃತ್ತಿಯ ಮೊದಲರ್ಧ ಬಿಡಿಭಾಗ ತಯಾರಿಸುವ ಕಂಪನಿಯ ಪರೀಕ್ಷಾಪಥದಲ್ಲಿ ಕಳೆಯಿತು. ಉಳಿದರ್ಧ, ಸರ್ಕಾರಿ ಅಧಿಕಾರಿಗಳೂ ಕಂಪನಿಗಳ ಪ್ರತಿನಿಧಿಗಳೂ ಎದುರುಬದುರಾಗಿ ಕೂರುವ ನಿಯಮಾವಳಿ ಸಭೆಗಳಲ್ಲಿ. ನನ್ನ ಒಲವು ಎತ್ತ ಎಂಬುದು ಉತ್ತರಗಳಲ್ಲಿ ತಾನೇ ಕಾಣುತ್ತದೆ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ಪ್ರಶ್ನೆ: ಮೇಡಂ, ಕಾರು ಮಾಡುವುದು ಕಂಪನಿಯ ಕೆಲಸ, ಕೊಳ್ಳುವುದು ಗ್ರಾಹಕರ ಇಷ್ಟ. ಕ್ಯಾಮೆರಾ, ರೇಡಾರ್ ಇರುವ ಕಾರು ನಿಜಕ್ಕೂ ಒಳ್ಳೆಯದಾದರೆ ಜನ ತಾವಾಗಿಯೇ ಕೊಳ್ಳುತ್ತಾರೆ. ಇದರಲ್ಲಿ ಸರ್ಕಾರಕ್ಕೇನು ಕೆಲಸ?
(ಎಂಜಿನಿಯರಿಂಗ್ ವಿದ್ಯಾರ್ಥಿ)

ಕಾರು ಕಂಪನಿಯದು, ಒಪ್ಪಿದೆ. ಆದರೆ ಲೇನ್ ತಪ್ಪದಂತೆ ಕಾಯುವ ಕ್ಯಾಮೆರಾ ನೋಡುವುದು ಏನನ್ನು? ರಸ್ತೆಯ ಮೇಲಿನ ಬಿಳಿ ಗೆರೆಯನ್ನು. ಆ ಗೆರೆ ಎಳೆಯುವವರು, ಮಾಸಿದಾಗ ಮತ್ತೆ ಬಳಿಯುವವರು ಯಾರು? ರಸ್ತೆ ಇಲಾಖೆ. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಮತ್ತು ರಸ್ತೆಗಳಿಗೆ ಸ್ಟಾರ್ ಕೊಡುವ ಯೂರೋರ್‍ಯಾಪ್ ಸಂಸ್ಥೆಗಳು ಜೊತೆಗೂಡಿ ಇದಕ್ಕೊಂದು ಅಳತೆಯನ್ನೇ ಸೂಚಿಸಿದವು: ಗೆರೆಯ ಅಗಲ ಕನಿಷ್ಠ 150 ಮಿಲಿಮೀಟರ್ ಇರಬೇಕು, ಹೆಡ್‌ಲೈಟ್ ಬೆಳಕನ್ನು ಮರಳಿಸುವ ಶಕ್ತಿ ಒಣ ರಸ್ತೆಯಲ್ಲಿ ಕನಿಷ್ಠ 150, ಒದ್ದೆ ರಸ್ತೆಯಲ್ಲಿ ಕನಿಷ್ಠ 35 ಇರಬೇಕು (ಇವು ಮರಳುವ ಬೆಳಕನ್ನು ಅಳೆಯುವ ಮಾನದ ಅಂಕಗಳು). ಮಳೆಗಾಲದ ರಾತ್ರಿ ಸವೆದ ಗೆರೆಯ ರಸ್ತೆಯಲ್ಲಿ ಎಂಥ ದುಬಾರಿ ಕಾರಿನ ಲೇನ್ ವ್ಯವಸ್ಥೆಯೂ ಸದ್ದಿಲ್ಲದೆ ಕೈಚೆಲ್ಲುತ್ತದೆ. ಕಂಪನಿ ಎಷ್ಟೇ ಹಣ ಸುರಿದರೂ ಆ ಬಣ್ಣದ ಡಬ್ಬಿ ಅದರ ಕೈಯಲ್ಲಿಲ್ಲ.

ರೇಡಾರ್‌ನ ಕಥೆ ಇನ್ನೂ ಸ್ವಾರಸ್ಯಕರ. ಎಂಜಿನಿಯರಿಂಗ್ ಓದುತ್ತಿರುವವರು ಇದನ್ನು ತಿಳಿಯಲೇಬೇಕು. ಈ ಶತಮಾನದ ಆರಂಭದಲ್ಲಿ ರೇಡಿಯೋ ತರಂಗ ಬಿಟ್ಟು ಕಾರಿನ ಸುತ್ತಲ ಅಲ್ಪದೂರವನ್ನು ಅಳೆಯುವ ರೇಡಾರ್‌ಗೆ 24 ಗಿಗಾಹರ್ಟ್ಸ್ (ತರಂಗದ ಕಂಪನಾಂಕದ ಅಳತೆ) ಆಸುಪಾಸಿನ ಬಿಡಿಭಾಗಗಳು ಸಿದ್ಧವಾಗಿದ್ದವು, ಬೆಲೆಯೂ ಕೈಗೆಟಕುವಂತಿತ್ತು. ಆದರೆ ಆ ತರಂಗಪಟ್ಟಿ ಖಾಲಿ ಇರಲಿಲ್ಲ. ವಾತಾವರಣದ ನೀರಾವಿಯನ್ನು ಅಳೆಯುವ ಉಪಗ್ರಹಗಳು ಅಲ್ಲೇ ಕಿವಿಯಿಟ್ಟು ಕೂತಿದ್ದವು. ರೇಡಿಯೋ ಖಗೋಳ ವೀಕ್ಷಣಾಲಯಗಳೂ ಅಲ್ಲೇ ಇದ್ದವು. ಬಾಹ್ಯಾಕಾಶದಿಂದ ಬರುವ ಅತಿ ಕ್ಷೀಣ ಸಂಕೇತಕ್ಕಾಗಿ ಕಾಯುವವರ ಪಕ್ಕದಲ್ಲೇ ಲಕ್ಷಾಂತರ ಕಾರುಗಳು ರೇಡಾರ್ ಬಿಡುತ್ತಾ ಓಡಾಡಿದರೆ ಆ ಸಂಕೇತದ ಗತಿ ಏನು?

ಕಾರು ಕಂಪನಿ ಮತ್ತು ಖಗೋಳ ವಿಜ್ಞಾನಿ ತಮ್ಮ ತಮ್ಮಲ್ಲೇ ಬಗೆಹರಿಸಿಕೊಳ್ಳುವ ವ್ಯಾಜ್ಯವಲ್ಲ ಇದು. ಐರೋಪ್ಯ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಮಧ್ಯೆ ಕೂತು ತೀರ್ಮಾನ ಕೊಟ್ಟಿತು. 2004ರಲ್ಲಿ 79 ಗಿಗಾಹರ್ಟ್ಸ್ ಪಟ್ಟಿಯನ್ನು ಕಾರು ರೇಡಾರ್‌ಗೆ ಶಾಶ್ವತವಾಗಿ ಮೀಸಲಿಟ್ಟಿತು. ಅಲ್ಲಿಗೆ ಬೇಕಾದ ಚಿಪ್‌ಗಳು ಆಗ ಇನ್ನೂ ಪಕ್ವವಾಗಿರಲಿಲ್ಲ. ಅದಕ್ಕಾಗಿ 2005ರಲ್ಲಿ 24 ಗಿಗಾಹರ್ಟ್ಸ್ ಪಟ್ಟಿಯನ್ನು ತಾತ್ಕಾಲಿಕವಾಗಿ ಬಳಸಲು ಅನುಮತಿ ಕೊಟ್ಟಿತು, ಷರತ್ತುಗಳೊಂದಿಗೆ: ಗಡುವು 2013ರ ಮಧ್ಯದವರೆಗೆ, ಯಾವ ದೇಶದಲ್ಲೂ ಓಡಾಡುವ ವಾಹನಗಳಲ್ಲಿ ಇಂಥ ರೇಡಾರ್ ಇರುವುದು ಶೇಕಡಾ 7ನ್ನು ದಾಟಬಾರದು, ಗೊತ್ತುಪಡಿಸಿದ ವೀಕ್ಷಣಾಲಯಗಳ ಸಮೀಪ ರೇಡಾರ್ ಆರಬೇಕು. ಗಡುವನ್ನು ಮುಂದೆ ಭಾಗಶಃ ವಿಸ್ತರಿಸಬೇಕಾಯಿತು ನಿಜ. ಆದರೂ ನನ್ನ ದೃಷ್ಟಿಯಲ್ಲಿ ಇದು ಸಹಕಾರದ ಉತ್ತಮ ಮಾದರಿ. ಉದ್ಯಮಕ್ಕೆ ಈಗಲೇ ಕೆಲಸ ಶುರು ಮಾಡಲು ದಾರಿ ಸಿಕ್ಕಿತು, ವಿಜ್ಞಾನಕ್ಕೆ ರಕ್ಷಣೆ ಸಿಕ್ಕಿತು, ಎಲ್ಲರಿಗೂ ಮುಂದಿನ ನೆಲೆ ಯಾವುದೆಂದು ಮೊದಲೇ ಗೊತ್ತಾಯಿತು.

ಗ್ರಾಹಕರು ತಾವಾಗಿಯೇ ಕೊಳ್ಳುತ್ತಾರೆ ಎಂದಿದ್ದೀರಿ. ಕೊಳ್ಳುವವರು ಕೊಳ್ಳುತ್ತಾರೆ. ಆದರೆ ಆ ಕಾರಿನ ಎದುರು ರಸ್ತೆ ದಾಟುವವರು ಯಾವ ಅಂಗಡಿಗೂ ಹೋಗಿ ಏನನ್ನೂ ಆಯ್ದುಕೊಂಡಿರುವುದಿಲ್ಲ. ಅವರ ಪರವಾಗಿ ಸಭೆಯಲ್ಲಿ ಕೂರಬೇಕಾದುದು ಸರ್ಕಾರವೇ.

ಪ್ರಶ್ನೆ: ಕಂಪನಿಗಳು ತಾವೇ ಮುಂದೆ ಬಂದು ಮಾಡಿಕೊಳ್ಳುವ ಒಪ್ಪಂದಗಳಿಂದ ಕೆಲಸ ಆಗುತ್ತದೆಯೇ ಅಥವಾ ಕಾನೂನೇ ಬೇಕೇ? ಸಹಕಾರ ಎಂಬ ಮಾತು ಕೇಳಿದರೆ ನನಗೆ ಕಾಲಹರಣ ಎಂದೇ ಕೇಳಿಸುತ್ತದೆ.
(ನಿವೃತ್ತ ಸರ್ಕಾರಿ ನೌಕರರು)

ನಿಮ್ಮ ಅನುಮಾನಕ್ಕೆ ಆಧಾರವಿದೆ. ಅಪಘಾತವಾದಾಗ ಕಾರು ತಾನೇ ಸಹಾಯಕ್ಕೆ ಕರೆ ಮಾಡುವ ಇ-ಕಾಲ್‌ನ ಇತಿಹಾಸವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

2001ರಲ್ಲಿ ಐರೋಪ್ಯ ಆಯೋಗ ತನ್ನ ಸಾರಿಗೆ ಶ್ವೇತಪತ್ರದಲ್ಲಿ, 2010ರೊಳಗೆ ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಆಗ ಹದಿನೈದು ದೇಶಗಳಿದ್ದ ಒಕ್ಕೂಟದಲ್ಲಿ ವರ್ಷಕ್ಕೆ ಸುಮಾರು 40,000 ಜನ ರಸ್ತೆಯಲ್ಲಿ ಸಾಯುತ್ತಿದ್ದರು. ಸೀಟ್ ಬೆಲ್ಟ್, ಏರ್‌ಬ್ಯಾಗ್‌ಗಳಿಂದ ಆಗಬಹುದಾದದ್ದು ಬಹುಪಾಲು ಆಗಿತ್ತು. ಇನ್ನು ಅಪಘಾತವನ್ನೇ ತಪ್ಪಿಸುವ ಇಲೆಕ್ಟ್ರಾನಿಕ್ ವ್ಯವಸ್ಥೆಗಳತ್ತ ಹೊರಳಬೇಕು ಎಂಬ ಆಲೋಚನೆಯಿಂದ 2002ರಲ್ಲಿ 'ಇ-ಸೇಫ್ಟಿ' ಹುಟ್ಟಿತು. ಆಯೋಗ, ಕಾರು ಕಂಪನಿಗಳು, ಬಿಡಿಭಾಗ ತಯಾರಕರು, ಮೊಬೈಲ್ ಕಂಪನಿಗಳು, ರಸ್ತೆ ಆಡಳಿತಗಳು, ಮೋಟಾರು ಕ್ಲಬ್‌ಗಳು ಎಲ್ಲ ಸೇರಿದ ಕಾರ್ಯತಂಡ ಆ ವರ್ಷದ ಕೊನೆಗೆ 28 ಶಿಫಾರಸುಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಎಲ್ಲರೂ ತಲೆದೂಗಿದ ವಿಚಾರ ಇ-ಕಾಲ್: ಜೋರಾದ ಅಪಘಾತವಾದರೆ ಕಾರು ತಾನೇ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಬೇಕು.

ಕೇಳಲು ಸುಲಭ. ಒಳಗೆ ಎಷ್ಟು ಕೈಗಳು ಕೂಡಬೇಕು ನೋಡಿ. ಏರ್‌ಬ್ಯಾಗ್ ಬಿಚ್ಚಿಕೊಂಡ ಕೂಡಲೇ ಕಾರಿನಲ್ಲಿರುವ ಪುಟ್ಟ ಮೋಡೆಮ್ ಎಚ್ಚರಗೊಂಡು ತುರ್ತು ಕರೆ ಮಾಡುತ್ತದೆ. ಕರೆ ಸಿಕ್ಕಿದ ಕೂಡಲೇ, ಮಾತು ಶುರುವಾಗುವ ಮೊದಲೇ, 140 ಬೈಟ್‌ಗಳ ಒಂದು ಮಾಹಿತಿ ಪೊಟ್ಟಣವನ್ನು ಧ್ವನಿಯ ಹಾದಿಯಲ್ಲೇ ಕಳಿಸುತ್ತದೆ. ಕಾರು ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತಿತ್ತು, ಯಾವ ವಾಹನ, ಯಾವ ಇಂಧನ, ಕರೆ ತಾನಾಗಿ ಹೋದದ್ದೋ ಯಾರಾದರೂ ಗುಂಡಿ ಒತ್ತಿದ್ದೋ, ಇಷ್ಟು ಅದರಲ್ಲಿರುತ್ತದೆ. ದಿಕ್ಕಿನ ಮಾಹಿತಿ ಏಕೆಂದರೆ, ನಡುವೆ ತಡೆಗೋಡೆ ಇರುವ ಹೆದ್ದಾರಿಯಲ್ಲಿ ಆಂಬ್ಯುಲೆನ್ಸ್ ತಪ್ಪು ಬದಿಗೆ ಬಂದರೆ ಮುಂದಿನ ತಿರುವಿನವರೆಗೆ ಹೋಗಿ ಮರಳಬೇಕು. ಇಂಧನದ ಮಾಹಿತಿ ಏಕೆಂದರೆ, ಗ್ಯಾಸ್ ಟ್ಯಾಂಕ್ ಅಥವಾ ದೊಡ್ಡ ಬ್ಯಾಟರಿ ಇರುವ ಕಾರನ್ನು ಕತ್ತರಿಸಿ ಜನರನ್ನು ಹೊರತೆಗೆಯುವ ರೀತಿ ಬೇರೆ. ಆಮೇಲೆ ಸಹಾಯವಾಣಿಯ ಸಿಬ್ಬಂದಿಗೆ ಕಾರಿನೊಳಗಿನ ದನಿ ನೇರವಾಗಿ ಕೇಳುತ್ತದೆ. ಏನೂ ಕೇಳದಿದ್ದರೂ ಅದೂ ಒಂದು ಮಾಹಿತಿಯೇ.

ಇಷ್ಟಾಗಲು ಕಾರಿನಲ್ಲಿ ಸಾಧನ ಬೇಕು. ಈ ಕರೆ ಕಾರಿನಿಂದ ಬಂದದ್ದೆಂದು ಗುರುತಿಸಿ ಸರಿಯಾದ ಕೇಂದ್ರಕ್ಕೆ ತಿರುಗಿಸಲು ಮೊಬೈಲ್ ಕಂಪನಿ ಬೇಕು. ಪೊಟ್ಟಣ ಬಿಚ್ಚಿ ನಕ್ಷೆಯ ಮೇಲೆ ತೋರಿಸಲು ಸರ್ಕಾರಿ ಸಹಾಯವಾಣಿಯಲ್ಲಿ ತಂತ್ರಾಂಶ ಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ವ್ಯರ್ಥ.

2004ರಲ್ಲಿ ಒಡಂಬಡಿಕೆ ಪತ್ರ ಸಿದ್ಧವಾಯಿತು. 2009ರ ಹೊತ್ತಿಗೆ ಹೊಸ ಕಾರುಗಳಲ್ಲೆಲ್ಲ ಇ-ಕಾಲ್ ಇರುತ್ತದೆ ಎಂಬ ಆಶಯವಿತ್ತು. ಅದು ಆಗಲಿಲ್ಲ. ಕಾರು ಕಂಪನಿಗಳು 'ಸಹಾಯವಾಣಿಗಳೇ ಸಿದ್ಧವಿಲ್ಲ, ನಾವು ಸಾಧನ ಹಾಕಿ ಏನು ಪ್ರಯೋಜನ' ಎಂದವು. ದೇಶಗಳು 'ರಸ್ತೆಯಲ್ಲಿ ಇಂಥ ಕಾರುಗಳೇ ಇಲ್ಲ, ಸಹಾಯವಾಣಿಗೆ ಏಕೆ ಖರ್ಚು' ಎಂದವು. ಮೊಬೈಲ್ ಕಂಪನಿಗಳು ಇಬ್ಬರ ಮುಖವನ್ನೂ ನೋಡುತ್ತಾ ಕೂತವು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಡಕು. ಪ್ರತಿಯೊಬ್ಬರ ನೆಪವೂ ಇನ್ನೊಬ್ಬರ ಮಟ್ಟಿಗೆ ನಿಜವಾಗಿತ್ತು.

ಕೊನೆಗೆ ಗಂಟು ಬಿಚ್ಚಿದ್ದು ಕಾನೂನಿನಿಂದ. ಸದಸ್ಯ ರಾಷ್ಟ್ರಗಳ ಸಹಾಯವಾಣಿಗಳು 2017ರ ಅಕ್ಟೋಬರ್ 1ರೊಳಗೆ ಸಜ್ಜಾಗಬೇಕು ಎಂದು 2014ರಲ್ಲಿ ನಿರ್ಣಯವಾಯಿತು. 2018ರ ಮಾರ್ಚ್ 31ರಿಂದ ಅನುಮೋದನೆ ಪಡೆಯುವ ಹೊಸ ಮಾದರಿಯ ಕಾರು ಮತ್ತು ಲಘು ವ್ಯಾನ್‌ಗಳಲ್ಲಿ ಇ-ಕಾಲ್ ಇರಲೇಬೇಕು ಎಂದು 2015ರಲ್ಲಿ ನಿಯಮ ಬಂತು. ಎರಡೂ ಕಡೆಗೆ ದಿನಾಂಕ ಕೊಟ್ಟ ಮೇಲೆ ಒಬ್ಬರು ಇನ್ನೊಬ್ಬರನ್ನು ತೋರಿಸುವ ಆಟ ನಿಂತಿತು. ಸಹಾಯ ತಲುಪುವ ಸಮಯ ನಗರಗಳಲ್ಲಿ ಶೇಕಡಾ 40, ಗ್ರಾಮೀಣ ಪ್ರದೇಶದಲ್ಲಿ ಶೇಕಡಾ 50ರಷ್ಟು ಕಡಿಮೆಯಾಗಬಹುದೆಂದು ಆಯೋಗದ ಅಂದಾಜಿತ್ತು. ಆ ಅಂದಾಜು ಕೈಯಲ್ಲಿಟ್ಟುಕೊಂಡೂ ಒಡಂಬಡಿಕೆಯಿಂದ ಕಡ್ಡಾಯದವರೆಗೆ ಹದಿನಾಲ್ಕು ವರ್ಷ ಹಿಡಿಯಿತಲ್ಲ ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಹಾಗಾದರೆ ಒಪ್ಪಂದಗಳೆಲ್ಲ ನಿರರ್ಥಕವೇ? ಅಲ್ಲ. ಅಮೆರಿಕದಲ್ಲಿ 2016ರ ಮಾರ್ಚ್‌ನಲ್ಲಿ 20 ಕಾರು ಕಂಪನಿಗಳು, ಅಂದರೆ ಅಲ್ಲಿನ ಮಾರುಕಟ್ಟೆಯ ಹೆಚ್ಚುಕಡಿಮೆ ಅಷ್ಟೂ ಪಾಲು, 2022ರ ಸೆಪ್ಟೆಂಬರ್‌ನೊಳಗೆ ಸ್ವಯಂಚಾಲಿತ ತುರ್ತು ಬ್ರೇಕನ್ನು ಎಲ್ಲ ಕಾರುಗಳಿಗೂ ಹಾಕುತ್ತೇವೆಂದು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಗೂ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆಗೂ ಮಾತು ಕೊಟ್ಟವು. ಕಾನೂನಿನ ದಾರಿಗಿಂತ ಇದು ಮೂರು ವರ್ಷ ಬೇಗ ಎಂದು ಆಗ ಲೆಕ್ಕ ಹಾಕಲಾಗಿತ್ತು. ಹಲವು ಕಂಪನಿಗಳು ಗಡುವಿಗೂ ಮುಂಚೆಯೇ ಮಾತು ಉಳಿಸಿಕೊಂಡವು. ಇಲ್ಲಿ ಒಪ್ಪಂದ ಗೆದ್ದಿತೇಕೆ? ಬೇಕಾದುದೆಲ್ಲ ಕಾರಿನೊಳಗೇ ಇತ್ತು, ಸಹಾಯವಾಣಿಗೂ ರಸ್ತೆ ಇಲಾಖೆಗೂ ಕಾಯಬೇಕಿರಲಿಲ್ಲ. ಜೊತೆಗೆ ದಿನಾಂಕವಿತ್ತು, ಯಾರು ಎಷ್ಟು ಕಾರಿಗೆ ಹಾಕಿದರೆಂಬ ಲೆಕ್ಕ ಪ್ರತಿ ವರ್ಷ ಜನರ ಮುಂದೆ ಬರುತ್ತಿತ್ತು.

ಆದರೆ ಕೊಟ್ಟ ಮಾತು ಎಷ್ಟು ಆಳವಾಗಿತ್ತು? ಪರೀಕ್ಷೆಯ ವೇಗ ಕಡಿಮೆ, ಪಾದಚಾರಿಗಳ ಪ್ರಸ್ತಾಪವೇ ಇಲ್ಲ. ಆ ಕೊರತೆ ತುಂಬಲು 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ನಿಯಮ ತಂದಿತು: ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದವರೆಗೆ ಮುಂದಿನ ವಾಹನಕ್ಕೆ ತಾಗದೆ ನಿಲ್ಲಬೇಕು, ಪಾದಚಾರಿಯನ್ನು ಹಗಲಲ್ಲೂ ಕತ್ತಲಲ್ಲೂ ಗುರುತಿಸಬೇಕು, ಗಡುವು 2029ರ ಸೆಪ್ಟೆಂಬರ್. 2025ರ ಜನವರಿಯಲ್ಲಿ ಕಾರು ಕಂಪನಿಗಳ ಒಕ್ಕೂಟ ಈ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಈಗಿರುವ ತಂತ್ರಜ್ಞಾನದಲ್ಲಿ ಅದು ಸಾಧ್ಯವಿಲ್ಲ ಎಂಬುದು ಅವರ ವಾದ. ನಿಯಮಾವಳಿ ಸಭೆಗಳಲ್ಲಿ 'ಸಾಧ್ಯವಿಲ್ಲ' ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಎಷ್ಟೋ ಸಲ ಅದರ ಅರ್ಥ 'ಈ ಬೆಲೆಗೆ, ಈ ದಿನಾಂಕಕ್ಕೆ ಇಷ್ಟವಿಲ್ಲ' ಎಂದಷ್ಟೇ ಆಗಿರುತ್ತಿತ್ತು. ಕೆಲವೊಮ್ಮೆ ಅಕ್ಷರಶಃ ಸಾಧ್ಯವಿರುತ್ತಿರಲಿಲ್ಲ. ಎರಡರ ವ್ಯತ್ಯಾಸ ಗುರುತಿಸಬಲ್ಲ ಎಂಜಿನಿಯರುಗಳು ಸರ್ಕಾರದ ಕಡೆಯೂ ಇರಬೇಕು. ಅವರಿಗೆ ತಮ್ಮದೇ ಪರೀಕ್ಷಾಪಥ ಇರಬೇಕು. ಸಹಕಾರ ಬೇಕು ಎನ್ನುವವರೆಲ್ಲ ಮೊದಲು ಇದಕ್ಕೆ ಹಣ ಒದಗಿಸಲಿ.

ಪ್ರಶ್ನೆ: ಇ-ಕಾಲ್ ಇರುವ ಕಾರು ನಾನು ಎಲ್ಲೆಲ್ಲಿಗೆ ಹೋದೆ ಎಂಬುದನ್ನು ಪೊಲೀಸರಿಗೆ ತಿಳಿಸುತ್ತಿರುತ್ತದೆಯೇ?
(ಓದುಗರೊಬ್ಬರು)

ಇಲ್ಲ. ಕಾನೂನಿನಂತೆ ಅಳವಡಿಸುವ ಇ-ಕಾಲ್ ಅಪಘಾತವಾಗುವವರೆಗೂ ಮಲಗಿರುತ್ತದೆ. ಮೊಬೈಲ್ ಜಾಲಕ್ಕೆ ಅದು ಕಾಣುವುದೇ ಇಲ್ಲ. ಹಾದಿ ಗುರುತಿಸಲು ಸಾಧನದಲ್ಲಿ ಕೊನೆಯ ಕೆಲವೇ ಸ್ಥಾನಗಳಿರುತ್ತವೆ, ಹಳೆಯವು ಅಳಿಯುತ್ತಾ ಹೋಗುತ್ತವೆ. ಖಾಸಗಿತನದ ಪರ ಹೋರಾಡುವವರು ನಿಯಮದ ಕರಡಿನ ಹಂತದಲ್ಲೇ ಪಟ್ಟು ಹಿಡಿದದ್ದರ ಫಲ ಇದು. ಆದರೆ ಕಂಪನಿಗಳು ತಮ್ಮ ಆ್ಯಪ್‌ಗಳ ಮೂಲಕ ಕೊಡುವ ಇತರ ಸಂಪರ್ಕ ಸೇವೆಗಳು ಬೇರೆಯೇ ವಿಚಾರ. ಅವುಗಳ ಷರತ್ತುಗಳನ್ನು ಓದಿಯೇ ಒಪ್ಪಿಗೆ ಕೊಡಿ.

ಪ್ರಶ್ನೆ: ನನ್ನ ಬಳಿ ಕಾರಿಲ್ಲ. ನಡೆದೇ ಓಡಾಡುತ್ತೇನೆ, ಮಗುವನ್ನು ಶಾಲೆಗೆ ಬಿಡುವುದೂ ನಡೆದೇ. ಕಾರಿನ ಒಳಗಿರುವವರನ್ನು ಉಳಿಸಲು ಇಷ್ಟೊಂದು ಜಾಣ ವ್ಯವಸ್ಥೆಗಳು, ಇಷ್ಟೊಂದು ಸಭೆಗಳು. ಹೊರಗಿರುವ ನಮಗೇನು?
(ತಾಯಿಯೊಬ್ಬರು)

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಈ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೇ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡೆಯುವವರು, ಸೈಕಲ್ ಸವಾರರು, ದ್ವಿಚಕ್ರ ಸವಾರರು. ಅಂದರೆ ಲೋಹದ ಕವಚ ಇಲ್ಲದವರು. ವಾಹನ ಸುರಕ್ಷತೆಯ ಇತಿಹಾಸದ ಬಹುಭಾಗ ಕವಚದೊಳಗಿನವರ ಇತಿಹಾಸ. ನಿಮ್ಮ ದೂರು ನ್ಯಾಯವಾದದ್ದು.

ಆದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಈ ಲೆಕ್ಕವನ್ನು ಬದಲಿಸಬಲ್ಲದು. ಏಕೆ ಹಾಗೆನ್ನುತ್ತೇನೆ ಎಂಬುದಕ್ಕೆ ಪರೀಕ್ಷಾಪಥದ ಒಂದು ಸಂಗತಿ ಹೇಳುತ್ತೇನೆ. ಸಾಲಾಗಿ ನಿಲ್ಲಿಸಿದ ಕಾರುಗಳ ಮರೆಯಿಂದ ಮಗುವಿನ ಗಾತ್ರದ ಗೊಂಬೆಯೊಂದು ರಸ್ತೆಗೆ ಓಡಿ ಬರುತ್ತದೆ. ಅದರ ಕಾಲುಗಳು ನಡಿಗೆಯ ಲಯದಲ್ಲೇ ಆಡುತ್ತವೆ, ಏಕೆಂದರೆ ಅಲುಗಾಡುವ ಕಾಲುಗಳು ರೇಡಾರ್‌ಗೆ ಮನುಷ್ಯನ ಗುರುತು ಕೊಡುತ್ತವೆ. ಗೊಂಬೆ ಮರೆಯಿಂದ ಹೊರಬಿದ್ದು ಕಾರಿನ ದಾರಿಗೆ ಬರುವ ನಡುವೆ ಇರುವುದು ಒಂದು ಸೆಕೆಂಡಿನಷ್ಟು ಸಮಯ. ನಾನು ಆ ಕಾರಿನಲ್ಲಿ ಚಾಲಕನ ಪಕ್ಕ ಕೂತಿರುತ್ತಿದ್ದೆ. ಬರುತ್ತದೆಂದು ಗೊತ್ತಿದ್ದರೂ ನನ್ನ ಕಾಲು, ಆ ಬದಿಯಲ್ಲಿ ಇಲ್ಲದೇ ಇರುವ ಪೆಡಲನ್ನು ಒತ್ತುವ ಮೊದಲೇ ಬೆಲ್ಟ್ ಎದೆಗೆ ಬಿಗಿಯುತ್ತಿತ್ತು, ಕಾರಿನ ಮೂತಿ ಬಾಗುತ್ತಿತ್ತು, ಗೊಂಬೆ ಬಾನೆಟ್‌ನ ಆಚೆ ನಿಂತಿರುತ್ತಿತ್ತು. ಮನುಷ್ಯ ಗಾಬರಿಯಾಗುವುದಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಯಂತ್ರ ಬ್ರೇಕನ್ನು ಪೂರ್ತಿ ಒತ್ತಿಬಿಟ್ಟಿರುತ್ತದೆ.

ಅದೇ ಪಥದಲ್ಲಿ ಸೂರ್ಯ ಮುಳುಗಿದ ಮೇಲೆ ಅದೇ ಗೊಂಬೆಯನ್ನು ಕಾರು ಗುದ್ದುವುದನ್ನೂ ನೋಡಿದ್ದೇನೆ. ಆ ಸದ್ದು ಕೇಳಿದ ದಿನ ಊಟ ಸೇರುತ್ತಿರಲಿಲ್ಲ. ಅಮೆರಿಕದ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ನಿಜವಾದ ಅಪಘಾತಗಳನ್ನು ಅಧ್ಯಯನ ಮಾಡಿದಾಗ, ಪಾದಚಾರಿ ಗುರುತಿಸುವ ಬ್ರೇಕ್ ಇರುವ ಕಾರುಗಳಲ್ಲಿ ಪಾದಚಾರಿಗೆ ಗುದ್ದುವುದು ಶೇಕಡಾ 27ರಷ್ಟು ಕಡಿಮೆ ಎಂದು ಕಂಡುಬಂತು. ಬೀದಿದೀಪವಿಲ್ಲದ ಕತ್ತಲಲ್ಲಿ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಸಾವುಗಳು ಹೆಚ್ಚಾಗಿ ಆಗುವುದೇ ಕತ್ತಲಲ್ಲಿ. ಆದ್ದರಿಂದಲೇ ಮೇಲಿನ ಉತ್ತರದಲ್ಲಿ ಹೇಳಿದ ರಾತ್ರಿ ಪರೀಕ್ಷೆಯ ಷರತ್ತನ್ನು ಸಡಿಲಿಸಬಾರದು ಎಂದು ಹಟ ಹಿಡಿಯುತ್ತೇನೆ. ಕಾರು ಕಂಪನಿಯೊಂದಿಗೆ ಬೀದಿದೀಪ ಹಾಕುವ ನಗರಾಡಳಿತವೂ ಇಲ್ಲಿ ಹೊಣೆಗಾರ.

ಯುರೋಪಿನಲ್ಲಿ ದೊಡ್ಡ ವಾಹನಗಳಿಗೂ ನಿಯಮ ಬಂದಿದೆ. ಲಾರಿ, ಬಸ್ ಪಕ್ಕಕ್ಕೆ ತಿರುಗುವಾಗ ಮಗ್ಗುಲಲ್ಲಿರುವ ಸೈಕಲ್ ಸವಾರರನ್ನೂ, ನಿಂತಲ್ಲಿಂದ ಹೊರಡುವಾಗ ಮೂತಿಯ ಕೆಳಗೆ ಮರೆಯಾಗಿರುವ ಪಾದಚಾರಿಯನ್ನೂ ಗುರುತಿಸಿ ಎಚ್ಚರಿಸುವ ಸಾಧನ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ವಾಹನಗಳಿಗೆ ಕಡ್ಡಾಯ. ಎತ್ತರದ ಕ್ಯಾಬಿನ್‌ನಲ್ಲಿ ಕೂತವರಿಗೆ ಮೂತಿಯ ಕೆಳಗೆ ನಿಂತ ಮಗು ಕಾಣುವುದಿಲ್ಲ. ಇಂಥ ನಿಯಮಕ್ಕಾಗಿ ಒತ್ತಾಯಿಸಿದವರಲ್ಲಿ ಸೈಕಲ್ ಸವಾರರ ಮತ್ತು ಪಾದಚಾರಿಗಳ ಸಂಘಗಳೂ ಇದ್ದವು. ನಿಮ್ಮಂಥವರು ಪತ್ರ ಬರೆಯುವುದನ್ನು ನಿಲ್ಲಿಸಬೇಡಿ. ನನಗಷ್ಟೇ ಅಲ್ಲ, ನಿಯಮದ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಇಲಾಖೆಗೂ ಬರೆಯಿರಿ. ಆ ಕಡತಗಳಲ್ಲಿ ಕಂಪನಿಗಳ ದಪ್ಪ ದಪ್ಪ ಆಕ್ಷೇಪಣೆಗಳಿರುತ್ತವೆ, ನಡೆದು ಹೋಗುವವರ ಪತ್ರಗಳು ತೀರಾ ಅಪರೂಪ.

ಪ್ರಶ್ನೆ: ನಾನು ಬಸ್ ಚಾಲಕ. ಹೊಸ ಬಸ್ಸಿನ ಎಚ್ಚರಿಕೆ ವ್ಯವಸ್ಥೆ ಪದೇಪದೇ ಕಿರುಚುತ್ತದೆ. ಇಲ್ಲದ ವೇಗಮಿತಿ ತೋರಿಸುತ್ತದೆ. ನಾನು ಹತ್ತಿದ ಕೂಡಲೇ ಅದನ್ನು ಆರಿಸಿಬಿಡುತ್ತೇನೆ. ತಪ್ಪೇ?

ನಿಮ್ಮನ್ನು ದೂರುವುದಿಲ್ಲ. ಸುಳ್ಳು ಎಚ್ಚರಿಕೆ ಕೊಡುವ ಯಂತ್ರ ನಿಜವಾದ ಎಚ್ಚರಿಕೆಯ ಬೆಲೆಯನ್ನೂ ಕಳೆಯುತ್ತದೆ. ಆದರೆ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಮಾತ್ರ ಆರಿಸಬೇಡಿ, ಇದು ಕೈಮುಗಿದು ಕೇಳುವ ಮಾತು. ವೇಗಮಿತಿಯ ಕಿರಿಕಿರಿಯೇ ಬೇರೆ, ತುರ್ತು ಬ್ರೇಕೇ ಬೇರೆ. ಎರಡಕ್ಕೂ ಬೇರೆ ಬೇರೆ ಗುಂಡಿ ಅಥವಾ ಆಯ್ಕೆ ಇರುತ್ತದೆ, ಕೈಪಿಡಿ ನೋಡಿ.

ವೇಗಮಿತಿ ಏಕೆ ತಪ್ಪುತ್ತದೆ? ಕ್ಯಾಮೆರಾ ಪಕ್ಕದ ಕವಲುದಾರಿಯ ಫಲಕವನ್ನು ನಿಮ್ಮ ದಾರಿಯದೆಂದು ಓದುತ್ತದೆ. ಮುಂದಿನ ಲಾರಿಯ ಬೆನ್ನಿಗೆ ಅಂಟಿಸಿದ ವೇಗದ ಗುರುತನ್ನೂ ಫಲಕವೆಂದು ತಿಳಿಯುತ್ತದೆ. ಬಸ್ಸಿನ ಡಿಜಿಟಲ್ ನಕ್ಷೆಯಲ್ಲಿ ಹಳೆಯ ಮಿತಿ ಉಳಿದಿರುತ್ತದೆ. ಮೊದಲೆರಡು ಕಂಪನಿ ಸರಿಪಡಿಸಬೇಕಾದವು. ಮೂರನೆಯದು ರಸ್ತೆ ಆಡಳಿತದ ಕೆಲಸ. ಮಿತಿ ಬದಲಿಸಿದ ದಿನವೇ ಅದನ್ನು ಯಂತ್ರ ಓದುವ ರೂಪದಲ್ಲಿ ಪ್ರಕಟಿಸುವ ಆಡಳಿತ ಇಲ್ಲದಿದ್ದರೆ ನಕ್ಷೆ ಮಾಡುವವರು ಊಹೆಯ ಮೇಲೆ ನಡೆಯಬೇಕಾಗುತ್ತದೆ. ಐರೋಪ್ಯ ಒಕ್ಕೂಟ ಮಿತಿ ಮೀರಿದಾಗ ಎಚ್ಚರಿಸುವ ಈ ವೇಗ ಸಹಾಯಕವನ್ನು ಕಡ್ಡಾಯ ಮಾಡುವಾಗ, ವೇಗದ ಪೆಡಲ್ ಚಾಲಕರ ಕಾಲನ್ನು ನಯವಾಗಿ ಹಿಂದೊತ್ತುವ ವಿಧಾನದ ಜೊತೆಗೆ ಬರಿಯ ಸದ್ದಿನ ಆಯ್ಕೆಗೂ ಜಾಗ ಕೊಟ್ಟಿತು. ಸದ್ದು ಅಗ್ಗ, ಹಾಗಾಗಿ ಸದ್ದೇ ಹರಡಿತು. ಆ ರಿಯಾಯಿತಿ ಕೊಡಬಾರದಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಜನರ ಮನಸ್ಸು ವ್ಯವಸ್ಥೆಯ ಮೇಲೇ ತಿರುಗಿಬಿದ್ದರೆ ಆ ಉಳಿತಾಯದಿಂದ ಯಾರಿಗೂ ಲಾಭವಿಲ್ಲ.

ಇನ್ನೊಂದು ತೊಂದರೆ ಹೆಸರಿನದು. 2019ರಲ್ಲಿ ಅಮೆರಿಕದ ಮೋಟಾರು ಕ್ಲಬ್ಬೊಂದು ಲೆಕ್ಕ ಹಾಕಿದಾಗ ತುರ್ತು ಬ್ರೇಕ್ ಒಂದಕ್ಕೇ ಕಂಪನಿಗಳು 40 ಬೇರೆ ಬೇರೆ ಹೆಸರು ಇಟ್ಟಿದ್ದವು. ಒಂದು ಬಸ್ಸಿನಿಂದ ಇನ್ನೊಂದಕ್ಕೆ ಬದಲಾಗುವ ನಿಮ್ಮಂಥ ಚಾಲಕರಿಗೆ ಯಾವುದು ಬ್ರೇಕ್ ಹಾಕುತ್ತದೆ, ಯಾವುದು ಬರೀ ಕಿರುಚುತ್ತದೆ ಎಂದು ತಿಳಿಯುವುದು ಹೇಗೆ?

ತಪ್ಪು ಎಚ್ಚರಿಕೆ ಬಂದ ಜಾಗ, ಸಮಯ, ಹವಾಮಾನ, ಮುಂದೆ ಇದ್ದ ವಾಹನ, ಇಷ್ಟನ್ನು ಬರೆದಿಟ್ಟು ನಿಮ್ಮ ಡಿಪೋದ ತಾಂತ್ರಿಕ ವಿಭಾಗಕ್ಕೆ ಕೊಡಿ. ಒಂದೇ ಜಾಗದಲ್ಲಿ ಹಲವು ಚಾಲಕರಿಗೆ ತಪ್ಪು ಬಂದಿದೆ ಎಂಬ ಪಟ್ಟಿಯ ಎದುರು ಯಾವ ಎಂಜಿನಿಯರೂ 'ಚಾಲಕರ ಭ್ರಮೆ' ಎನ್ನಲಾರರು.

ಪ್ರಶ್ನೆ: ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳು ಒಂದರ ಮಾಹಿತಿಯನ್ನು ಇನ್ನೊಂದಕ್ಕೆ ಕೊಡುತ್ತವೆ ಎಂದರೆ ನಂಬುವುದು ಹೇಗೆ?
(ವಾಣಿಜ್ಯ ಉಪನ್ಯಾಸಕರು)

ನಂಬಬೇಕಾದ ಉದಾಹರಣೆಗಳಿವೆ, ನಂಬಿಕೆ ಕೆಟ್ಟ ಉದಾಹರಣೆಯೂ ಇದೆ.

1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್‌ನ ಪೇಟೆಂಟನ್ನು ಆ ಕಂಪನಿ ಎಲ್ಲರ ಬಳಕೆಗೂ ತೆರೆದಿಟ್ಟಿತು. ಇಂದು ನೀವು ಯಾವ ಕಾರಿನಲ್ಲಿ ಕೂತರೂ ಎಳೆದುಕೊಳ್ಳುವುದು ಅದೇ ವಿನ್ಯಾಸದ ಬೆಲ್ಟನ್ನು. ಈಗಿನ ಕಾಲದ ಉದಾಹರಣೆ ಅಮೆರಿಕದ 'ಪಾರ್ಟ್ಸ್' ಎಂಬ ಪಾಲುದಾರಿಕೆ. ಕಾರು ಕಂಪನಿಗಳು ಯಾವ ಕಾರಿಗೆ ಯಾವ ಸಾಧನ ಹಾಕಿದೆವೆಂಬ ಮಾಹಿತಿಯನ್ನು, ಸರ್ಕಾರ ಪೊಲೀಸ್ ಅಪಘಾತ ದಾಖಲೆಗಳನ್ನು, ಮೈಟರ್ ಎಂಬ ಸ್ವತಂತ್ರ ಸಂಸ್ಥೆಗೆ ಕೊಡುತ್ತವೆ. ಒಂದು ಕಂಪನಿಯ ಗುಟ್ಟು ಇನ್ನೊಂದಕ್ಕೆ ಕಾಣುವುದಿಲ್ಲ, ಒಟ್ಟು ಫಲಿತಾಂಶ ಮಾತ್ರ ಎಲ್ಲರಿಗೂ ಸಿಗುತ್ತದೆ. ಹಿಂದಿನಿಂದ ಗುದ್ದುವ ಅಪಘಾತಗಳನ್ನು ತುರ್ತು ಬ್ರೇಕ್ ತಗ್ಗಿಸುವ ಪ್ರಮಾಣ 2015–17ರ ಮಾದರಿಗಳಲ್ಲಿ ಶೇಕಡಾ 46 ಇದ್ದದ್ದು 2021–23ರ ಮಾದರಿಗಳಲ್ಲಿ ಶೇಕಡಾ 52ಕ್ಕೆ ಏರಿದೆ ಎಂದು ತಿಳಿದದ್ದು ಈ ದಾರಿಯಿಂದ. ಯಾವೊಂದು ಕಂಪನಿಯೂ ಒಂಟಿಯಾಗಿ ಇದನ್ನು ಲೆಕ್ಕ ಹಾಕಲಾಗುತ್ತಿರಲಿಲ್ಲ.

ಕೆಟ್ಟ ಉದಾಹರಣೆ, ವಾಹನಗಳು ಪರಸ್ಪರ ಮಾತನಾಡುವ ತಂತ್ರಜ್ಞಾನದ್ದು. ತಿರುವಿನಾಚೆ ಕೆಟ್ಟು ನಿಂತ ಕಾರು ಹಿಂದೆ ಬರುವ ಕಾರಿಗೆ ರೇಡಿಯೋ ಮೂಲಕ ಎಚ್ಚರ ಹೇಳಬೇಕು. ಯುರೋಪಿನಲ್ಲಿ 2008ರಲ್ಲೇ ಇದಕ್ಕೆ 5.9 ಗಿಗಾಹರ್ಟ್ಸ್ ಪಟ್ಟಿ ಮೀಸಲಾಯಿತು. ಆಮೇಲೆ ಎರಡು ಪಂಗಡಗಳಾದವು. ಒಂದು ವೈ-ಫೈ ಮೂಲದ ತಂತ್ರಜ್ಞಾನದ ಪರ, ಇನ್ನೊಂದು ಮೊಬೈಲ್ ಜಾಲದ ಮೂಲದ್ದರ ಪರ. ಮೊದಲನೆಯದರತ್ತ ವಾಲಿದ್ದ ನಿಯಮವನ್ನು 2019ರ ಜುಲೈನಲ್ಲಿ ಸದಸ್ಯ ರಾಷ್ಟ್ರಗಳ ಮಂಡಳಿ ತಿರಸ್ಕರಿಸಿತು. ಅಮೆರಿಕದಲ್ಲಿ 1999ರಲ್ಲಿ ಮೀಸಲಿಟ್ಟ ಪಟ್ಟಿಯ ಹೆಚ್ಚಿನ ಭಾಗ 2020ರಲ್ಲಿ ಸಾಮಾನ್ಯ ವೈ-ಫೈ ಪಾಲಾಯಿತು. ಕಾರುಗಳ ನಡುವಿನ ಮಾತುಕತೆಗೆ ಬೇಕಾದುದು ಎಲ್ಲರೂ ಆಡುವ ಒಂದೇ ಭಾಷೆ. ಅದು ಎಷ್ಟು ಸೊಗಸಾದ ಭಾಷೆ ಎಂಬುದು ಅಷ್ಟು ಮುಖ್ಯವಲ್ಲ. ಒಂದನ್ನು ಆರಿಸಿ ಮುಗಿಸುವ ಧೈರ್ಯ ಯುರೋಪಿನಲ್ಲಿ ಯಾರಿಗೂ ಬರಲಿಲ್ಲ.

ಪ್ರಶ್ನೆ: ಸ್ಟಾರ್ ರೇಟಿಂಗ್ ಎಲ್ಲ ಜಾಹೀರಾತಿನ ಆಟವಲ್ಲವೇ?

ಅಲ್ಲ. 1997ರಲ್ಲಿ ಯೂರೋ ಎನ್‌ಕ್ಯಾಪ್ ಮೊದಲ ಫಲಿತಾಂಶ ಪ್ರಕಟಿಸಿದಾಗ, ಪರೀಕ್ಷೆ ಎಷ್ಟು ಕಠಿಣವೆಂದರೆ ನಾಲ್ಕು ಸ್ಟಾರ್ ಯಾರಿಗೂ ಸಾಧ್ಯವಿಲ್ಲ ಎಂದು ಉದ್ಯಮ ಹೇಳಿತು. ಕೆಲವೇ ತಿಂಗಳಲ್ಲಿ ವೋಲ್ವೋ ಎಸ್40 ನಾಲ್ಕು ಸ್ಟಾರ್ ಪಡೆಯಿತು, 2001ರಲ್ಲಿ ರೆನೋ ಲಗೂನಾ ಐದು ಪಡೆಯಿತು. ಆದರೆ ಸ್ಟಾರ್ ನೋಡುವಾಗ ಪರೀಕ್ಷೆಯ ವರ್ಷವನ್ನೂ ನೋಡಿ. ಪರೀಕ್ಷೆ ಕಾಲಕಾಲಕ್ಕೆ ಬಿಗಿಯಾಗುತ್ತದೆ, ಹಳೆಯ ಐದು ಸ್ಟಾರ್ ಇಂದಿನ ಐದಕ್ಕೆ ಸಮನಲ್ಲ.

ಪ್ರಶ್ನೆ: ಕಲ್ಲು ಬಡಿದು ಕಾರಿನ ಮುಂಗಾಜು ಒಡೆಯಿತು. ಬದಲಿಸಿಕೊಟ್ಟರು. ಅಂದಿನಿಂದ ತುರ್ತು ಬ್ರೇಕ್ ಸುಮ್ಮಸುಮ್ಮನೆ ಎಚ್ಚರಿಸುತ್ತಿದೆ. ಗಾಜಿಗೂ ಬ್ರೇಕಿಗೂ ಏನು ಸಂಬಂಧ?

ನೇರ ಸಂಬಂಧವಿದೆ. ನಡುಗನ್ನಡಿಯ ಹಿಂದೆ, ಗಾಜಿಗೆ ತಾಗಿದಂತೆ ಕ್ಯಾಮೆರಾ ಇರುತ್ತದೆ. ಗಾಜು ಬದಲಿಸಿದಾಗ ಕ್ಯಾಮೆರಾ ಕೂದಲೆಳೆಯಷ್ಟು ಓರೆಯಾದರೂ ದೂರದ ವಸ್ತುವಿನ ಸ್ಥಾನ ಪಕ್ಕದ ಲೇನಿಗೆ ಸರಿದುಬಿಡುತ್ತದೆ. ಆದ್ದರಿಂದ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದೆ ಗುರುತಿನ ಫಲಕವಿಟ್ಟು ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಬೇಕು. ಕೆಲವು ಕಾರುಗಳಲ್ಲಿ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಓಡಿಸಿ ಸರಿಹೊಂದಿಸುತ್ತಾರೆ. ಚಕ್ರಗಳ ಜೋಡಣೆ ಬದಲಾದಾಗ, ಬಂಪರ್ ಬಿಚ್ಚಿ ಹಾಕಿದಾಗ ರೇಡಾರ್‌ಗೂ ಇದೇ ಕೆಲಸ ಬೇಕಾಗಬಹುದು. ಮೊದಲು ಗಾಜು ಬದಲಿಸಿದವರನ್ನೇ ಕೇಳಿ: ಸರಿಹೊಂದಿಸಿದ್ದೀರಾ, ಅದರ ಮುದ್ರಿತ ವರದಿ ಎಲ್ಲಿ? ಮಾಡಿಲ್ಲವೆಂದರೆ ತಯಾರಕರು ಸೂಚಿಸಿದ ಸಾಧನ ಇರುವ ಕಾರ್ಯಾಗಾರಕ್ಕೆ ಒಯ್ಯಿರಿ. ಅದಾಗುವವರೆಗೆ ಕಾರಿನ ಬ್ರೇಕ್ ತಾನೇ ಬೀಳುತ್ತದೆಂದು ನೆಚ್ಚಿಕೊಳ್ಳದೆ, ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ಅಂತರ ಬಿಟ್ಟು ಓಡಿಸಿ. ಹೊಸ ಗಾಜಿನ ರಶೀದಿಯ ಜೊತೆ ಆ ವರದಿಯನ್ನೂ ಇಟ್ಟುಕೊಳ್ಳಿ. ಮುಂದೆ ವಿಮೆಯವರು ಕೇಳಿದರೆ ಬೇಕಾಗುತ್ತದೆ.